ಒಟ್ಟು ತೂಕ

ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ
ಬ್ಯಾಡಗಿಯ ಈ ತೂಕದ ಕಟ್ಟಿ ನಂದು.
ಒಂದು ಗಾಜಿನ ಕಿಟಕಿ, ಕೆಂಪು ಅಂಕಿ ಕುಣಿಸೋ ಪೆಟ್ಟಿಗಿ,
ಮೂರೂವರೆ ಕಾಲಿನ ಕುರ್ಚಿ.
ಉಳಿದ ಅರ್ಧ ಕಾಲಿಗೆ
ಹೋದ ವರ್ಷದ ರಸೀದಿ ಪುಸ್ತಕ ಕೊಟ್ಟೀನಿ.

ಕಾದಂಬರಿ ಬರೀತೀನಿ ಅಂತ ಯಾರಿಗೂ ಹೇಳಿಲ್ಲ.
ಲೆಕ್ಕ ಅಂದ್ಕೊಂಡಾರ. ಅಂದ್ಕೊಳ್ಳಲಿ.

ಮೊದಲ ಒಂದು ವಹಿ ತಂದಿದ್ದೆ,
ರಟ್ಟಿನ ಹೊದಿಕಿ, ನಡುವ ರೇಷ್ಮಿ ದಾರ.
ಅದಕ್ಕ ಎಷ್ಟು ಅಂಜಿದ್ದೆ ಅಂದ್ರ
ಬಾಜೂಕ ಚಹಾದ ಕಪ್ಪೂ ಇಡಲಿಲ್ಲ.
ಹದಿನೇಳು ರಾತ್ರಿಗೆ ಒಂದ ಸಾಲು.
ಅದನ್ನೂ ಹೊಡೆದು ಹಾಕಿದೆ.

ಈಗ ಗುಲಾಬಿ ರಸೀದಿಯ ಬೆನ್ನ ಮ್ಯಾಲೆ ಬರೀತೀನಿ.
ಅಂಗೈ ಅಗಲದ ಕಾಗದ, ಅಷ್ಟರಾಗ
ಎಂಥಾ ದೊಡ್ಡ ತಪ್ಪು ಮಾಡಾಕ ಬರ್ತೈತಿ?
ತುಂಬಿದ್ದನ್ನ ತಂತಿಗೆ ಚುಚ್ಚೋದು.
ತಿರುಗಿ ಓದೋದಿಲ್ಲ, ಅದೊಂದು ಆಣಿ.

ಸೊಂಟಕ್ಕ ಖಾಲಿ ಚೀಲ ಮಡಚಿ ಇಟ್ಕೊಂಡಿದ್ದೆ,
ಘಾಟಿಗೆ ಸಾಲಿಗೊಂದು ಸೀನು.
ಅಕ್ಕ ಬೈದು, ತನ್ನ ಹಳೇ ಸೀರಿ ತುಂಬಿ
ದಿಂಬು ಹೊಲಿದು ಕೊಟ್ಟಳು.
ಬುಡಮೇಲು ಎಣ್ಣಿ ಡಬ್ಬಿ ಮ್ಯಾಲೆ ಪಾದ.
ಬೆನ್ನು ತಕರಾರು ಬಿಟ್ಟ ಮ್ಯಾಲೆ
ತಲಿ ಬಾಯಿ ಬಿಟ್ಟಿತು.

ಕಥಿಯಾಗ ಮೆಣಸಿನಕಾಯಿ ತುಂಬು ಬಿಡಿಸೋ ಹೆಂಗಸು.
ಹನ್ನೆರಡನೇ ಚೀಟಿಯಾಗ ಅಕಿ ಪುತಳವ್ವ,
ನಲವತ್ತಕ್ಕ ಬರೂದ್ರಾಗ ಗುರುಬಸವ್ವ ಆಗ್ಯಾಳ.
ಸತ್ತಿದ್ದ ಅಕಿ ಗಂಡ ನಿನ್ನೆ ರಾತ್ರಿ
ಕೈಕಾಲು ತೊಳಕೊಂಡು ಬಂದು ಉಣ್ಣಾಕ ಕುಂತ.
ತಡೀಲಿಲ್ಲ ನಾ.
ರೊಟ್ಟಿ ಬಿಸಿ ಇದ್ವು.

ಎರಡೂವರೆಗೆ ಹಾರನ್ನು. ಸಿಂಧನೂರ ಕಡೆಯ ಲಾರಿ, ಮೌಲಾಲಿ.
ವಾಕ್ಯ ಅರ್ಧಕ್ಕ ಬಿಟ್ಟು ಏಳ್ತೀನಿ, ಬೇಕಂತನ,
ಕೆಂಡಕ್ಕ ಬೂದಿ ಮುಚ್ಚಿದಂಗ.
ಟೈರಿಗೆ ಮೆತ್ತಿದ ಕೆಸರು, ಸ್ಟವ್ವು, ನೀರಿನ ಕ್ಯಾನು,
ಚೀಲದ ಮ್ಯಾಲೆ ಗೊರಕಿ ಹೊಡಿಯೋ ಕ್ಲೀನರ್ ಹುಡುಗ,
ಎಲ್ಲಾ ಕೂಡಿ ಹದಿನೈದು ಸಾವಿರದ ಎಂಟುನೂರಾ ನಲವತ್ತು.
‘ಹುಡುಗನ್ನ ಇಳಸ್ಲ್ಯಾ?’ ಅಂದ ಮೌಲಾಲಿ.
‘ಮಲಗಲಿ ಬಿಡ. ಖಾಲಿ ಗಾಡಿ ತಂದಾಗೂ
ಅಲ್ಲೇ ಮಲಗಿರ್ತಾನ.’

ಧಾರಣಿ ಹೇಳೋರು ಬ್ಯಾರೆ.
ಬೆಳಕು ಹರಿದ ಮ್ಯಾಲೆ ಇಸ್ತ್ರಿ ಅಂಗಿ ತೊಟ್ಟು ಬರ್ತಾರ,
ಒಂದು ಕಾಯಿ ಮುರಿದು, ಮೂಸಿ, ತುಟಿ ಸೊಟ್ಟ ಮಾಡ್ತಾರ.
ನನ್ನೊಳಗೂ ಹಂಥಾವ ಒಬ್ಬ ಅದಾನ.
ಅವಗ ರಾತ್ರಿಪಾಳಿ ಇಲ್ಲ.

ಏನೂ ಬಾರದ ರಾತ್ರಿನೂ ಅದಾವ.
‘ಇವತ್ತು ಸೊಳ್ಳಿ ಭಾಳ’ ಅಂತ ಬರೆದು
ಅದನ್ನೂ ಚುಚ್ತೀನಿ.

ಮೊನ್ನೆ, ಯಾರೂ ಇಲ್ಲದಾಗ,
ಚೀಟಿಯ ತಂತಿ ಹಿಡಕೊಂಡು ಕಟ್ಟಿ ಮ್ಯಾಲೆ ನಿಂತೆ.
ಎಪ್ಪತ್ತು.
ತಂತಿ ಕೆಳಗಿಟ್ಟು ಬಂದು ನಿಂತೆ.
ಎಪ್ಪತ್ತು.
ಹತ್ತು ಕಿಲೋಕ್ಕ ಕಡಿಮಿ ಇದ್ದದ್ದು
ಈ ಯಂತ್ರಕ್ಕ ಗೊತ್ತಾಗೂದಿಲ್ಲ.
ನಗು ಬಂತು, ಒಬ್ಬನ ನಕ್ಕೆ, ನಾಯಿ ಎದ್ದು ನೋಡಿತು.

ಒಳಗ ಬಂದೆ. ದಿಂಬು ಇನ್ನೂ ಬೆಚ್ಚಗಿತ್ತು.
ಬೂದಿ ಊದಿದೆ:
‘ಕೈ ಉರೀತಿದ್ರೂ ಗುರುಬಸವ್ವ ಎದ್ದು’
ಎದ್ದು?
ಇಡೀ ರಾತ್ರಿ ಮುಂದಿತ್ತು.