ಎರಡನೇ ಶನಿವಾರ

ಆದೇಶದಲ್ಲಿರುವುದು ಹತ್ತರಿಂದ ಒಂದರವರೆಗೆ.
ನಾವಿಬ್ಬರೂ ಆಟೋದಿಂದ ಇಳಿಯಲಿಲ್ಲ.
"ಇಳೀರಿ, ಕೋರ್ಟು ನನ್ನ ಬೈತೈತಿ" ಅಂದಳು ಅವ್ವ.
ಆಟೋದವನು ಕೋಟೆಗುಡ್ಡದ ಬಿಸಿಲು ನೋಡುತ್ತ ಕೂತ.

ಜಡ್ಜ್ ಮೇಡಂ ಒಳಗೆ ಕರೆದು ಕೇಳಿದ್ದರು.
ಹೊಡೀತಿದ್ರಾ? ಇಲ್ಲ.
ಕುಡೀತಿದ್ರಾ? ಇಲ್ಲ.
ಅವ್ವ ಹೇಳಿಕೊಟ್ಟಳಾ? ಇಲ್ಲ.
ಮತ್ತೇನು ಅನ್ನೋದಕ್ಕೆ
ಅವರ ಹಾಳೆಯಲ್ಲಿ ಉಳಿದದ್ದು ಒಂದೇ ಗೆರೆ.

ಕೌಲ್ ಬಜಾರಿನ ಎರಡು ಕೋಣೆಯಲ್ಲಿ ಒಂದೂವರೆ ವರ್ಷ
ಅವರಿಬ್ಬರ ಮಾತು ಹಾಯ್ದದ್ದು ನನ್ನ ಬಾಯಿಂದ.
"ನಿಮ್ಮವ್ವಗ ಹೇಳು, ಉಪ್ಪು ಜಾಸ್ತಿ."
"ನಿಮ್ಮಪ್ಪಗ ಹೇಳು, ಗ್ಯಾಸ್ ಮುಗಿದೈತಿ."
ಬಿಟ್ಟುಹೋದ ದಿನವೂ ಅಷ್ಟೇ:
"ನಿಮ್ಮವ್ವಗ ಹೇಳು, ನಾ ಹೊಂಟೆ."
ಅವ್ವ ಇದ್ದದ್ದು ಮೂರು ಹೆಜ್ಜೆ ಆಚೆ, ರೊಟ್ಟಿ ತಟ್ಟುತ್ತ.
ಹೇಳಿದೆ.

ಅಪ್ಪ ಜೀನ್ಸ್ ಕಟಿಂಗ್ ಮಾಸ್ತರ,
ಊರೂರಿನ ಸೊಂಟದ ಅಳತೆ ಬಾಯಿಪಾಠ.
ಒಂದೂ ಕಾಲಿಗೆ ವಾಚ್‌ಮನ್ ಪೊಟ್ಟಣ ತಂದ.
"ತಮ್ಮಗ ಕೊಡು ಅಂತ ಹೇಳ್ಯಾರ."
ಮತ್ತೆ ನನ್ನ ಕೈಗೇ.

ರಾತ್ರಿ ಗಾದಿಲಿಂಗ ಹಾಕಿ ನೋಡಿದ.
ಕಾಲು ನಾಲ್ಕು ಬೆರಳು ಗಿಡ್ಡ.
"ನೀ ಎಷ್ಟುದ್ದ ಆಗೀಯಂತ ಅಪ್ಪಗ ಗೊತ್ತೇ ಇಲ್ಲ" ಅಂದೆ,
ಸ್ವಲ್ಪ ಖುಷಿಯಿಂದಲೇ.
ಅವನು ಅಂಚು ಮಗುಚಿದ.
ಒಳಗೆ ಗೇಣುದ್ದ ಬಟ್ಟೆ ಮಡಚಿಟ್ಟಿತ್ತು,
ವಾಷಿಂಗಿನಲ್ಲೂ ಮಾಸದ ಕಡುನೀಲಿ.

"ಅಕ್ಕಾ, ಬ್ಲೇಡ್ ಎಲ್ಲೈತಿ?"
ಕೊಟ್ಟೆ. ಹೊಲಿಗೆ ಒಂದೊಂದೇ ಬಿಚ್ಚಿದ, ಬಾಯಿ ಬಿಡದೆ.

ನಾಲ್ಕನೇ ಶನಿವಾರವೂ ನಾನು ಇಳಿಯೋದಿಲ್ಲ.
ಗಾದಿಯ ಮಾತು ಗಾದಿಯೇ ಹೇಳಲಿ.