ಕಾಣದ ತೆರಪು

ಗೋಣಿಕೊಪ್ಪದಲ್ಲಿ, ಗೊಬ್ಬರದಂಗಡಿಯ ಮಹಡಿಯ ಮೇಲೆ,
ನನ್ನ ಕಂಪ್ಯೂಟರಿನಲ್ಲಿ ಎಲ್ಲ ನೆಟ್ಟಗಿತ್ತು.
ಬೆಳ್ಯಪ್ಪನವರ ಫೋನಿನಲ್ಲಿ ಮಾತ್ರ
ಪುಟ ಬಲಕ್ಕೆ ಜಾರುತ್ತಿತ್ತು,
ಬೀಗ ಕೆಟ್ಟ ಮೇಜಿನ ಖಾನೆಯ ಹಾಗೆ.
ಜೇನುಬಾಟಲಿಗೆ ಅರ್ಧವೇ ಮುಚ್ಚಳ,
ಬೆಲೆಯ ಕೊನೆಯ ಸೊನ್ನೆ ಆಚೆಗೆಲ್ಲೋ.
"ಎಂಥ ಇದು? ನಾನೂರೈವತ್ತು ಹೋಗಿ ನಲವತ್ತೈದಾಯಿತಲ್ಲ!"

ಅಗಲ ನೂರಕ್ಕೆ ನೂರು ಎಂದೆ. ಕೇಳಲಿಲ್ಲ.
ನೂರಕ್ಕೆ ತೊಂಬತ್ತೆಂಟು ಎಂದೆ. ಸುಳ್ಳೆಂದು ನನಗೇ ಗೊತ್ತಿತ್ತು.
ಹೊರಚೆಲ್ಲಿದ್ದನ್ನು ಮುಚ್ಚಿಡು ಎಂದೆ,
ಮುಚ್ಚಿತು, ಜೊತೆಗೆ 'ಕೊಳ್ಳಿರಿ' ಗುಂಡಿಯನ್ನೂ.
ಉಳಿದೆಲ್ಲರ ಬಾಯಿ ಮುಚ್ಚಿಸುವ ಒಂದು ಆಜ್ಞೆ
ನಾನೂರನೆಯ ಸಾಲಿನ ಹತ್ತಿರ ಸಿಕ್ಕಿತು;
ಯಾರಪ್ಪ ಬರೆದದ್ದು ಎಂದು ಬೈಯುತ್ತ ನೋಡಿದರೆ
ತಾರೀಕಿನ ಪಕ್ಕ ನನ್ನದೇ ಹೆಸರು.

ಪ್ರತಿ ಪೆಟ್ಟಿಗೆಗೂ ಕೆಂಪು ಗೆರೆ ಎಳೆದೆ.
ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಮತ್ತೊಂದು,
ಪುಟವೆಲ್ಲ ಪಾಲಾದ ತೋಟದ ಸರ್ವೆ ನಕ್ಷೆ.
ಒತ್ತುವರಿ ಉಂಟು, ಒಪ್ಪುವ ಗಡಿ ಒಂದೂ ಇಲ್ಲ.

ತಿತಿಮತಿಯಲ್ಲಿ ಸೋಲಾರ್ ಬೇಲಿ ಸತ್ತಾಗ
ಮುತ್ತ ಹೀಗೆಯೇ ಹುಡುಕುತ್ತಾನೆ:
ನಡುವೆ ತಂತಿ ಬಿಚ್ಚಿ, ಈ ಅರ್ಧಕ್ಕೆ ಕರೆಂಟು ಉಂಟೋ ನೋಡಿ,
ಸತ್ತ ಅರ್ಧವನ್ನು ಮತ್ತೆ ಅರ್ಧ ಮಾಡಿ.
ಕೊನೆಗೆ ಆನೆಯಲ್ಲ, ಮರವಲ್ಲ,
ತಂತಿಗೆ ಒರಗಿದ ಒಂದು ಹಸಿ ಬಳ್ಳಿ.
ನಾನೂ ತಲೆ ತೆಗೆದೆ, ಬುಡ ತೆಗೆದೆ, ಚಿತ್ರ ತೆಗೆದೆ.
ಶಿಹಾಬ್ ತಂದಿಟ್ಟ ಚಹಾಕ್ಕೆ ಕೆನೆ ಕಟ್ಟಿತು.
ಉಳಿದದ್ದು ಒಂದೇ ಪದ:

ಮೇಲ್ಕೇರಿಕೀಳ್ಕೇರಿಜೇನುಕೃಷಿಕರಸಹಕಾರಸಂಘನಿಯಮಿತ

ಎಲ್ಲಿಯೂ ಮಡಚದ ಹೆಸರು. ಪೆಟ್ಟಿಗೆ, ಪಾಪ,
ಇದಕ್ಕಿಂತ ಕಿರಿದಾಗಲಾರೆ ಎಂದು ಗೋಡೆ ತಳ್ಳಿ ನಿಂತಿತ್ತು.

"ನಡುವೆ ಜಾಗ ಬಿಡುವ" ಎಂದೆ ಫೋನಿನಲ್ಲಿ.
"ಬೇಡ" ಎಂದರು ಬೆಳ್ಯಪ್ಪ.
"ಹನ್ನೊಂದು ವರ್ಷ ಎರಡು ಸಂಘ ಇತ್ತು,
ಎರಡು ಬೀಗ, ಒಂದೇ ತಕ್ಕಡಿ.
ಬೋರ್ಡಿನವನಿಗೂ ಹೇಳಿ ಕೂಡಿಸಿಯೇ ಬರೆಸಿದ್ದು.
ಜಾಗ ಬಿಟ್ಟರೆ ಯಾರಾದರೂ ಬಂದು ಕೂತುಬಿಡ್ತಾರೆ."

ಅಗಲವೇ ಇಲ್ಲದ ಒಂದು ತೆರಪು ಉಂಟು.
ಕಣ್ಣಿಗೆ ಕಾಣದು, ಅಳತೆಗೆ ಸಿಗದು,
ಇಕ್ಕಟ್ಟಾದರೆ ಇಲ್ಲಿ ಬಾಗಬಹುದು ಎಂದಷ್ಟೇ ಹೇಳುತ್ತದೆ.
ಅದನ್ನು ಇಟ್ಟೆ. ಎರಡು ಕೇರಿಗಳ ನಡುವೆ ಅಲ್ಲ,
'ಕೃಷಿಕರ' ಆದ ಮೇಲೆ.

ಸೊನ್ನೆ ಮರಳಿತು.
ಸಂಜೆ ಮೆಟ್ಟಿಲು ಹತ್ತಿ ಬಂದ ಬೆಳ್ಯಪ್ಪ
ಫೋನನ್ನು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು.
"ಬಿಡಿಸಲಿಲ್ಲ ತಾನೆ?"
ಇಲ್ಲ ಎಂದೆ.

ಅವರು ಹೋದ ಮೇಲೆ ಕೆಂಪು ಗೆರೆಗಳನ್ನು ಅಳಿಸಿದೆ.
ಆ ತೊಂಬತ್ತೆಂಟು ಮಾತ್ರ ಈಗಲೂ ಅಲ್ಲೇ ಉಂಟು,
ತೆಗೆಯಲು ಧೈರ್ಯ ಸಾಲದು.