ನೆನೆದ ಭತ್ತ

ಫ್ರಿಜ್ಜಿನ ನಡುವಿನ ಅರೆಯಲ್ಲಿ, ಲಸಿಕೆಗಳ ಹಿಂದೆ,
ಕಿರುಬೆರಳಷ್ಟು ಸಿರಿಂಜು: ಪ್ರೊಸ್ಟಾಗ್ಲಾಂಡಿನ್.
ಗಂಡಸಿನ ಗ್ರಂಥಿಯದೆಂದು ಯಾರೋ ತಪ್ಪು ತಿಳಿದು
ಇಟ್ಟ ಹೆಸರು. ಹೆಸರು ಉಳಿಯಿತು,
ಕೆಲಸ ಮಾತ್ರ ಇಲ್ಲಿ, ಹೆರಿಗೆ ವಾರ್ಡಿನಲ್ಲಿ.

ಖಮರುನ್ನೀಸಾಗೆ ದಿನ ತುಂಬಿ, ಮೇಲೆ ಒಂಬತ್ತು.
ಎರಡು ಬೆರಳಿಟ್ಟು ನೋಡಿದೆ:
ಗರ್ಭದ ಬಾಯಿ ಮೂಗಿನ ತುದಿಯಷ್ಟು ಗಟ್ಟಿ.
ಜೆಲ್ ಹಾಕಿ, ಅಲ್ಲಾಡದೆ ಮಲಗು ಅರ್ಧ ತಾಸು, ಅಂದೆ.

‘ಏನ್ ಔಷಧಿರೀ ಸಿಸ್ಟರ್?’
ಅತ್ತೆ ಹುಸೇನ್‌ಬೀ, ಸೆರಗಿಗಿನ್ನೂ
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಟ್ಟಿನ ಬೂದಿ.
ಮೈಯೇ ಮಾಡಿಕೊಳ್ಳೋ ಮದ್ದು,
ಈಕೆ ಮೈ ತಡ ಮಾಡೇತಿ ಅಷ್ಟೆ, ಅಂದೆ.
‘ತಿಳೀತು ಬಿಡ್ರಿ. ನೆನೀದ ಭತ್ತ
ಎಷ್ಟ್ ಉರಿ ಹಾಕಿದ್ರೂ ಅರಳಂಗಿಲ್ಲ.’

ನರ್ಸಿಂಗ್ ಶಾಲೆಯ ಮೂರು ವರ್ಷದಲ್ಲಿ
ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ರಾತ್ರಿ ಎರಡಕ್ಕೆ ಮತ್ತೆ ನೋಡಿದೆ. ತುಟಿಯ ಹಾಗೆ ಮೆತ್ತಗೆ.
ನೋವು ಸೊಂಟದಲ್ಲಿ ಸುಳಿದು ಮುಂದಕ್ಕೆ ಬಂತು,
ಹೋಯಿತು, ಬಂತು.
ಗಂಡನನ್ನೂ ನನ್ನನ್ನೂ ಒಂದೇ ಉಸಿರಲ್ಲಿ ಬೈದಳು.

ಐದೂವರೆಗೆ ಹೆಣ್ಣು. ಎರಡು ಕೆಜಿ ಎಂಟುನೂರು.
ಮೊದಲ ಅಳು ಕೇಳಿದಾಗೆಲ್ಲ ನನಗೆ ನೆನಪಾಗುವುದು:
ಬಸಿರೊಳಗೆ ಈ ಪುಟ್ಟ ಹೃದಯದ ಪಕ್ಕ
ರಕ್ತದ ಒಂದು ಓಣಿಯನ್ನು
ಮುಚ್ಚದಂತೆ ಕಾದದ್ದೂ ಇದೇ ಮದ್ದು.
ಇನ್ನು ಅದು ಇಳಿಯುತ್ತದೆ.
ಓಣಿ ತಾನೇ ಮುಚ್ಚಿಕೊಳ್ಳುತ್ತದೆ, ಒಂದೆರಡು ದಿನದಲ್ಲಿ,
ಎದೆಗವಚಿ ಹಿಡಿದವಳಿಗೂ ಗೊತ್ತಾಗದೆ.

ಹುಸೇನ್‌ಬೀ ಮೊಮ್ಮಗಳ ಕಿವಿಯ ಹತ್ತಿರ ಏನೋ ಅಂದು,
ನಿನ್ನೆ ನೆನೆಹಾಕಿದ್ದು ಐತಿ, ಬರ್ತೀನಿ,
ಅಂತ ಚಪ್ಪಲಿ ಹುಡುಕಿದಳು.
ನಾನು ಹೋಗಿ ಫ್ರಿಜ್ಜಿನ ಬಾಗಿಲು
ಸರಿಯಾಗಿ ಕೂತಿದೆಯಾ ನೋಡಿದೆ.